ಮೂರಡಿ ಕೂಡಿಸಿ ಬರೆದವಳು

ಹೋದ ಮಳೆಗಾಲದಲ್ಲಿ ಈ ಊರಿನ ಹಳ್ಳಕ್ಕೆ ನೆರೆ ಬಂದಿಲ್ಲ. ಇದು ನನ್ನ ಮಾತಲ್ಲ, ಕಡತದ ಮಾತು. ಹಳ್ಳದಂಚಿನ ಓಣಿಯ ಮೂವತ್ತೆಂಟು ಮನೆಗಳ ಗೋಡೆಗೆ ಸೊಂಟದ ಮಟ್ಟದಲ್ಲಿ ಕೆಸರಿನ ಗೆರೆ ಎಳೆದಂತಿದೆ. ಸುಣ್ಣ ಬಳಿದವರ ಮನೆಯಲ್ಲೂ ಅದು ಒಳಗಿನಿಂದ ಇಣುಕುತ್ತದೆ. ಒಬ್ಬ ಹೆಂಗಸು ಸತ್ತಿದ್ದಾಳೆ. ಆದರೂ ನೆರೆ ಬಂದಿಲ್ಲ. ಏಕೆಂದರೆ ಸೇತುವೆಯ ಕಂಬದ ಮೇಲೆ ಬರೆದಿರುವ ಅಂಕಿಗಳಲ್ಲಿ ನೀರು ಎಂಟೂವರೆಗೆ ನಿಂತು ವಾಪಸ್ಸು ಹೋಯಿತು. ಒಂಬತ್ತು ಮುಟ್ಟಿದರೆ ನೆರೆ, ಮುಟ್ಟದಿದ್ದರೆ ಬರೀ ಮಳೆ. ಪದೇಪದೇ ನೆರೆ ಬರುವ ಓಣಿಯವರಿಗೆ ಮೇಲಿನ ದಿಣ್ಣೆಯಲ್ಲಿ ಮನೆ ಕಟ್ಟಿಕೊಡುವ ಯೋಜನೆ ಇದೆ. ಬರೀ ಮಳೆ ಬರುವ ಓಣಿಯವರಿಗೆ ಒಂದು ಕೊಡೆಯೂ ಇಲ್ಲ.

ಆ ಕಂಬದ ಅಂಕಿಗಳನ್ನು ಹದಿನಾಲ್ಕು ವರ್ಷ ಓದಿದ ಹೆಂಗಸೊಬ್ಬಳಿದ್ದಾಳೆ. ಓಣಿಯವರು ಅವಳನ್ನು ಅಳತೆಯಕ್ಕ ಎನ್ನುತ್ತಾರೆ. ಸೇತುವೆಗೆ ಅಂಟಿಕೊಂಡಂತಿರುವ ಮೊದಲ ಮನೆ ಅವಳದು: ಒಂದು ಕೋಣೆ, ಒಂದು ಅಡುಗೆಮನೆ, ಅಡುಗೆಮನೆಗೆ ಒಂದು ಕಿಟಕಿ. ಒಲೆಯ ಮುಂದೆ ನಿಂತು ಕತ್ತು ಒಂದಿಷ್ಟು ಹೊರಳಿಸಿದರೆ ಕಂಬ ಕಾಣುತ್ತದೆ. ಮೊದಲು ಆ ಕೆಲಸ ಅವಳ ಗಂಡನದಾಗಿತ್ತು. ಅವನು ಜ್ವರ ಬಂದು ಎಂಟೇ ದಿನದಲ್ಲಿ ತೀರಿಕೊಂಡಾಗ ಕಚೇರಿಯವರು ದೊಡ್ಡ ಮನಸ್ಸು ಮಾಡಿದರು. ಅವನ ರೇನ್‌ಕೋಟು, ಅವನ ಟಾರ್ಚು, ಅವನ ಉದ್ದನೆಯ ಪುಸ್ತಕ ಮೂರನ್ನೂ ಅವಳ ಕೈಗಿಟ್ಟು, ನಾಳೆಯಿಂದ ನೀನು ಬರಿ ಎಂದರು. ದಿನಗೂಲಿ ಲೆಕ್ಕ. ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಹನ್ನೆರಡಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ನೀರು ಎಷ್ಟಿದೆ ಎಂದು ನೋಡುವುದು, ಪುಸ್ತಕದಲ್ಲಿ ಬರೆಯುವುದು, ಫೋನ್ ಮಾಡಿ ಕಂಟ್ರೋಲ್ ರೂಮಿಗೆ ಹೇಳುವುದು. ಒಂಬತ್ತು ಎಂದು ಹೇಳಿದ ಕೂಡಲೇ ಅಲ್ಲಿ ಗುಂಡಿ ಒತ್ತುತ್ತಾರೆ, ವಾರ್ಡ್ ಆಫೀಸಿನ ಮೇಲಿನ ಸೈರನ್ ಕೂಗುತ್ತದೆ, ಮೇಲಿನ ಬೀದಿಯ ಶಾಲೆಯ ಕಾವಲುಗಾರ ಗೇಟು ತೆಗೆಯುತ್ತಾನೆ, ಓಣಿಯವರು ಅಲ್ಲಿ ಹೋಗಿ ಸೇರಿಕೊಳ್ಳುತ್ತಾರೆ. ಹದಿನಾಲ್ಕು ವರ್ಷದಲ್ಲಿ ಅವಳು ಒಂದು ಹೊತ್ತೂ ತಪ್ಪಿಸಿದವಳಲ್ಲ. ಯಾರದಾದರೂ ಮದುವೆಗೆ ಹೋದರೂ ಹನ್ನೆರಡಕ್ಕೆ ಬಂದು ನೋಡಿ ಮತ್ತೆ ಊಟಕ್ಕೆ ಹೋಗುತ್ತಿದ್ದಳು.

ಓಣಿಯ ಇನ್ನೊಂದು ತುದಿಯಲ್ಲಿ, ಎಲ್ಲಕ್ಕಿಂತ ತಗ್ಗಿನ ಮನೆಯಲ್ಲಿ, ಅವಳ ಗಂಡನ ತಂಗಿ ಇದ್ದಳು. ಇಸ್ತ್ರಿ ಮಾಡುವವಳು. ಬಾಗಿಲಿಗೆ ಅಡ್ಡವಾಗಿ ಮೇಜು, ಮೇಜಿನ ಮೇಲೆ ಅಲ್ಲಲ್ಲಿ ಸುಟ್ಟ ಕಂಬಳಿ, ಗೋಡೆಯುದ್ದಕ್ಕೂ ಗಂಟುಗಳು. ಯಾರ ಮನೆಯ ಬಟ್ಟೆ ಯಾವುದು ಎಂದು ಒಂದೊಂದು ಗಂಟಿಗೆ ಒಂದೊಂದು ಬಣ್ಣದ ದಾರ. ಗಂಡ ಬಿಟ್ಟುಹೋದ ಮೇಲೆ ಆ ಮೇಜಿನ ಹಿಂದೆ ನಿಂತೇ ಒಬ್ಬ ಮಗಳನ್ನು ಬೆಳೆಸಿದಳು. ಮಗಳು ಈಗ ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ನಾದಿನಿ ಅತ್ತಿಗೆ ಇಬ್ಬರೂ ಎದುರಾದರೆ ಒಬ್ಬರನ್ನೊಬ್ಬರು ಕುಟುಕದೆ ಬಿಡುತ್ತಿರಲಿಲ್ಲ.

“ಏನತ್ತಿಗೆ, ಇವತ್ತು ಏನನ್ನುತ್ತೆ ನಿನ್ನ ಹಳ್ಳ?”

“ನನ್ನದು ಹೇಗಾಗುತ್ತೆ? ನಿನ್ನ ಅಣ್ಣ ಕಟ್ಟಿಹೋದ ಗಂಟು ಅದು.”

“ಅಣ್ಣ ನಿನಗೆ ಹಳ್ಳ ಬಿಟ್ಟುಹೋದ, ನನಗೆ ನಿನ್ನನ್ನ ಬಿಟ್ಟುಹೋದ. ನಷ್ಟ ನನಗೇ ಬಿಡು.”

ಇನ್ನು ಕಂಬದ ವಿಷಯಕ್ಕೆ ಬರೋಣ. ಹನ್ನೊಂದು ವರ್ಷದ ಹಿಂದೆ, ಒಂದು ಬೇಸಿಗೆಯಲ್ಲಿ, ಅದರ ಅಂಕಿಗಳು ಮಾಸಿಹೋಗಿವೆ ಎಂದು ಹೊಸದಾಗಿ ಬರೆಸಿದರು. ಬರೆಯಲು ಬಂದವನು ಅಂಗಡಿಗಳ ಬೋರ್ಡು ಬರೆಯುವ ಪೇಂಟರ್. ಅಕ್ಷರ ಮುತ್ತಿನಂತೆ, ಹಳ್ಳದ ಗಂಧಗಾಳಿ ಇಲ್ಲ. ಕಂಬದ ಬುಡದಲ್ಲಿ ಆಗ ಮೂರಡಿ ಹೂಳು ತುಂಬಿತ್ತು: ಮರಳು, ಪ್ಲಾಸ್ಟಿಕ್, ಹರಿದ ಚಪ್ಪಲಿ, ಊರು ಬೇಡವೆಂದು ಬಿಟ್ಟದ್ದೆಲ್ಲ. ಅವನು ಕಣ್ಣಿಗೆ ಕಾಣುವಷ್ಟು ಕಂಬವನ್ನು ತಿಕ್ಕಿ ತೊಳೆದು, ಕಾಣುವ ನೆಲದಿಂದ ಸೊನ್ನೆ ಹಾಕಿ, ಒಂದು, ಎರಡು ಎಂದು ಮೇಲಕ್ಕೆ ಬರೆದುಕೊಂಡು ಹೋದ. ಹಳೆಯ ಸೊನ್ನೆ ಹೂಳಿನ ಕೆಳಗೆ ಸಮಾಧಿಯಾಯಿತು. ಬಿಲ್ಲು ಪಾಸಾಯಿತು.

ಅಳತೆಯಕ್ಕನಿಗೆ ಮೊದಲ ಮಳೆಯಲ್ಲೇ ತಿಳಿಯಿತು. ಸೇತುವೆ ಪಕ್ಕದಲ್ಲಿ ಹಳ್ಳಕ್ಕಿಳಿಯುವ ಮೆಟ್ಟಿಲುಗಳಿವೆ. ಮೇಲಿನಿಂದ ಮೂರನೆಯ ಮೆಟ್ಟಿಲು ನೆನೆಯಿತೆಂದರೆ ಆರು ಅಡಿ ನೀರು. ಗಂಡನ ಕಾಲದಿಂದಲೂ ಹಾಗೆಯೇ. ಅವತ್ತು ಮೂರನೆಯ ಮೆಟ್ಟಿಲು ನೆನೆದಿತ್ತು, ಕಂಬ ಮಾತ್ರ ಮೂರು ತೋರಿಸುತ್ತಿತ್ತು. ಅವಳು ಪುಸ್ತಕ ಹಿಡಿದುಕೊಂಡು ಕಚೇರಿಗೆ ಹೋದಳು. ಆಗಿದ್ದ ಹಿರಿಯ ಇಂಜಿನಿಯರು ಕೆಟ್ಟವನಲ್ಲ. ನಮ್ಮಲ್ಲಿ ಮಾಡಬಾರದ್ದನ್ನೆಲ್ಲ ಮಾಡಿದವರು ಬಹುತೇಕ ಕೆಟ್ಟವರಲ್ಲ. ಅವನು ಅವಳನ್ನು ಕೂರಿಸಿ, ನೀರು ಕೊಟ್ಟು, ಹೇಳಿದ:

“ನೋಡಮ್ಮ, ತಪ್ಪು ಅಂತ ಬರೆದರೆ ಪೇಂಟ್ ಮಾಡಿಸಿದೋರು, ಪಾಸ್ ಮಾಡಿದೋರು ಎಲ್ಲ ಸಿಕ್ಕಿಹಾಕ್ಕೋತಾರೆ. ಪಾಸ್ ಮಾಡಿದೋನು ನಾನೇ. ನೀನು ಒಂದು ಕೆಲ್ಸ ಮಾಡು. ಕಂಬ ಎಷ್ಟು ತೋರಿಸುತ್ತೋ ಅದಕ್ಕೆ ಮೂರು ಸೇರಿಸಿ ಬರಿ. ಮುಂದಿನ ವರ್ಷ ಹೊಸದಾಗಿ ಬರೆಸೋಣ.”

“ಮರೆತು ಬಿಟ್ಟರೆ ಸ್ವಾಮಿ?”

“ನೀನು ಮರೆಯೋಳಲ್ಲ.”

ಮರೆಯಲಿಲ್ಲ. ಮುಂದಿನ ವರ್ಷ ಬಂತು, ಅದರ ಮುಂದಿನದೂ ಬಂತು, ಇಂಜಿನಿಯರಿಗೆ ನಿವೃತ್ತಿಯೂ ಬಂತು. ಹನ್ನೊಂದು ವರ್ಷ, ದಿನಕ್ಕೆ ಮೂರು ಸಲ, ಅವಳು ಕಣ್ಣಿಗೆ ಕಂಡದ್ದಕ್ಕೆ ಮೂರು ಕೂಡಿಸಿ ಬರೆದಳು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳ ತಲೆಯಲ್ಲಿ ಇಡೀ ಕಚೇರಿಯ ತಪ್ಪು ಸರಿಯಾಗಿ ನಡೆದುಕೊಂಡು ಹೋಗುತ್ತಿತ್ತು. ಎರಡು ಸಲ ಕಂಬ ಆರು ತೋರಿಸಿತು, ಅವಳು ಒಂಬತ್ತು ಎಂದಳು, ಸೈರನ್ ಕೂಗಿತು, ಎರಡು ಸಲವೂ ಓಣಿಯಲ್ಲಿ ಒಂದು ಬೆಕ್ಕೂ ಸಾಯಲಿಲ್ಲ. ಆ ಎರಡು ನೆರೆಗಳು ಕಡತದಲ್ಲಿದ್ದುದರಿಂದಲೇ ಓಣಿಯ ಹೆಸರು ದಿಣ್ಣೆಯ ಮನೆಗಳ ಪಟ್ಟಿಗೆ ಸೇರಿತ್ತು. ಇನ್ನೊಂದು ನೆರೆ ಬಂದರೆ ಮನೆ ಖಂಡಿತ ಎಂದು ವಾರ್ಡಿನ ಗುಮಾಸ್ತ ಹೇಳಿದ್ದ. ಇಂಥ ಮಾತನ್ನು ಸಮಾಧಾನದಂತೆ ಹೇಳುವುದಕ್ಕೂ ಒಂದು ತರಬೇತಿ ಬೇಕು.

ಮಳೆಗಾಲಕ್ಕೆ ನಾಲ್ಕು ತಿಂಗಳ ಮುಂಚೆ ಹೊಸ ಇಂಜಿನಿಯರು ಬಂದ. ಬಂದವನೇ ಪುಸ್ತಕ ಕಿತ್ತುಕೊಂಡು ಅವಳ ಕೈಗೊಂದು ಮೊಬೈಲ್ ಕೊಟ್ಟ. ಇನ್ನು ಮೇಲೆ ಬರೆಯುವುದು ಬೇಡ, ಹೇಳುವುದೂ ಬೇಡ. ಕಂಬದ ಫೋಟೋ ತೆಗೆದು ಕಳಿಸಿದರೆ ಸಾಕು, ಅಂಕಿ ಕಂಟ್ರೋಲ್ ರೂಮಿನವರೇ ನೋಡಿಕೊಳ್ಳುತ್ತಾರೆ.

“ಸಾರ್, ಅದಕ್ಕೆ ಮೂರು ಸೇರಿಸಬೇಕು,” ಎಂದಳು ಅಳತೆಯಕ್ಕ.

“ಯಾವುದಕ್ಕೆ?”

“ಕಂಬ ತೋರಿಸೋದಕ್ಕೆ. ಅದು ಮೂರಡಿ ಕಡಿಮೆ ತೋರಿಸುತ್ತೆ.”

ಅವನು ನಕ್ಕ. “ಅಮ್ಮ, ಕಂಬ ಸುಳ್ಳು ಹೇಳಲ್ಲ, ಫೋಟೋನೂ ಸುಳ್ಳು ಹೇಳಲ್ಲ. ಮನುಷ್ಯರು ಮಧ್ಯದಲ್ಲಿ ಕೈ ಆಡಿಸಬಾರದು ಅಂತಾನೇ ಈ ವ್ಯವಸ್ಥೆ.”

ಅವಳು ಮತ್ತೆ ಹೇಳಿದಳು. ಹಾಗಾದರೆ ಬರೆದು ಸಹಿ ಮಾಡಿ ಕೊಡಿ ಎಂದ. ಅವಳು ಮನೆಗೆ ಬಂದು ನಿವೃತ್ತ ಇಂಜಿನಿಯರಿಗೆ ಫೋನ್ ಮಾಡಿದಳು. ಅವನು, “ನನ್ನ ಹೆಸರು ಎಳೀಬೇಡಮ್ಮ, ಪೆನ್ಶನ್ ಮೇಲೆ ಬದುಕಿರೋನು,” ಎಂದ. ಹನ್ನೊಂದು ವರ್ಷ ಕಂಡದ್ದು ಬಿಟ್ಟು ಬೇರೆ ಬರೆದೆ ಎಂದು ಅವಳು ಕಾಗದದಲ್ಲಿ ಬರೆದುಕೊಟ್ಟರೆ, ಬರೆಯಲು ಹೇಳಿದವನು ಯಾರು ಎಂಬುದಕ್ಕೆ ಸಾಕ್ಷಿ ಇಲ್ಲ. ದಿನಗೂಲಿಯವಳನ್ನು ತೆಗೆಯಲು ಒಂದು ನೋಟಿಸೂ ಬೇಕಿಲ್ಲ, ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ಅವಳು ಬರೆದುಕೊಡಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ, ಅವಳೂ ಮುಚ್ಚಿಡಲಿಲ್ಲ. ನಾಲ್ಕು ತಿಂಗಳು ಅವಳು ದಿನಕ್ಕೆ ಮೂರು ಫೋಟೋ ಕಳಿಸಿದಳು. ಬೇಸಿಗೆಯ ಹಳ್ಳದಲ್ಲಿ ಮೊಣಕಾಲುದ್ದ ನೀರು. ಮೂರಡಿ ಹೆಚ್ಚು ಕಡಿಮೆಯಾದರೆ ಯಾರ ಗಂಟು ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಬಿರುಗಾಳಿ ಬಂದದ್ದು ಒಂದು ಮಂಗಳವಾರ. ಬೆಳಗಾಗುವ ಮೊದಲೇ ಶುರುವಾದ ಮಳೆ ಹತ್ತು ಗಂಟೆಗೆ ಗಾಳಿಯನ್ನೂ ಕರೆದುಕೊಂಡು ಬಂತು. ಓಣಿಯ ತಗಡುಗಳು ಎದ್ದೆದ್ದು ಬಡಿದುಕೊಂಡವು, ಕರೆಂಟು ಹೋಯಿತು, ಹಳ್ಳದಲ್ಲಿ ಒಂದು ಇಡೀ ಮರ ಬೇರು ಮೇಲೆ ಮಾಡಿಕೊಂಡು ತೇಲಿ ಹೋಯಿತು. ಗಂಟೆಗೊಂದು ಫೋಟೋ ಕಳಿಸಿ ಎಂದು ಆದೇಶ ಬಂತು. ಹನ್ನೆರಡಕ್ಕೆ ಕಂಬದಲ್ಲಿ ನಾಲ್ಕೂವರೆ. ಅವಳ ಲೆಕ್ಕದಲ್ಲಿ ಏಳೂವರೆ. ಮೇಲಿನಿಂದ ಎರಡನೆಯ ಮೆಟ್ಟಿಲು ಹೋಗಿತ್ತು. ಒಂದು ಗಂಟೆಗೆ ಕಂಬದಲ್ಲಿ ಆರು. ಮೆಟ್ಟಿಲುಗಳೇ ಇರಲಿಲ್ಲ.

ಅವಳು ಕಂಟ್ರೋಲ್ ರೂಮಿಗೆ ಫೋನ್ ಮಾಡಿದಳು. “ಒಂಬತ್ತು ಆಯ್ತು ಸ್ವಾಮಿ, ಸೈರನ್ ಹಾಕಿ.”

ಆ ಕಡೆಯ ಗುಮಾಸ್ತ ಹೇಳಿದ: “ಫೋಟೋದಲ್ಲಿ ಆರು ಇದೆಯಲ್ಲಮ್ಮ.”

“ಆರಕ್ಕೆ ಮೂರು ಸೇರಿಸಿ.”

“ಯಾಕೆ ಸೇರಿಸ್ಬೇಕು?”

“ಕಂಬದ ಸೊನ್ನೆ ತಪ್ಪು ಜಾಗದಲ್ಲಿದೆ. ಹನ್ನೊಂದು ವರ್ಷದಿಂದ ನಾನೇ ಸೇರಿಸ್ಕೊಂಡು ಬಂದಿದೀನಿ. ನನ್ನ ಮನೆ ಹೊಸ್ತಿಲಿಗೆ ನೀರು ಬಂದಿದೆ ಸ್ವಾಮಿ, ಇಲ್ಲಿ ಬಂದು ನೋಡಿ.”

“ನನಗೆ ಸೇರಿಸೋ ಅಧಿಕಾರ ಇಲ್ಲಮ್ಮ. ಸಾಹೇಬ್ರು ಬಿರುಗಾಳಿ ಮೀಟಿಂಗ್‌ನಲ್ಲಿದಾರೆ. ಬಂದ ಮೇಲೆ ಹೇಳ್ತೀನಿ.”

ಅವಳು ಮೊಬೈಲನ್ನು ರೇನ್‌ಕೋಟಿನ ಒಳಗಿಟ್ಟುಕೊಂಡು ಓಣಿಗೆ ಓಡಿದಳು. ಒಂದೊಂದೇ ಬಾಗಿಲು ಬಡಿದು ಹೇಳಿದಳು. ಅವಳ ಮಾತನ್ನು ಜನ ನಂಬಲಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ, ನಂಬಿದರು. ಅರ್ಧ ಓಣಿ ಮಕ್ಕಳನ್ನೂ ಮುದುಕರನ್ನೂ ಎತ್ತಿಕೊಂಡು ಮೇಲಿನ ಬೀದಿಗೆ ಹೊರಟಿತು. ಪಂಚರ್ ಅಂಗಡಿಯವನು ತನ್ನ ತಾಯಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಎಲ್ಲರಿಗಿಂತ ಮುಂದೆ ಹೋದ. ಶಾಲೆಯ ಗೇಟಿಗೆ ಬೀಗವಿತ್ತು. ಕಾವಲುಗಾರ ಒಳಗಿನ ಜಗಲಿಯಲ್ಲಿ ಕುಳಿತಿದ್ದ.

“ಗೇಟ್ ತೆಗಿಯಪ್ಪ, ಓಣಿಗೆ ನೀರು ಬಂದಿದೆ.”

“ಸೈರನ್ ಆಗಿಲ್ವಲ್ಲ.”

“ಆಗುತ್ತೆ. ನೀನು ತೆಗಿ.”

“ಆಗಲಿ, ತೆಗೀತೀನಿ. ಆಗದೆ ತೆಗೆದ್ರೆ ನನ್ನ ಕೆಲ್ಸ ಹೋಗುತ್ತೆ. ನಿಮ್ಮನೇಲಿ ಸಾಕ್ತೀರಾ ನನ್ನ?”

ಮುಕ್ಕಾಲು ಗಂಟೆ ಅವರು ಮಳೆಯಲ್ಲಿ ನಿಂತರು. ಮುದುಕರಿಗೆ ನಡುಕ ಹತ್ತಿತು, ಮಕ್ಕಳು ಅತ್ತವು. ಬೀಗದ ಎದುರು ನೆನೆಯುವುದಕ್ಕಿಂತ ಮನೆಯ ಅಟ್ಟ ವಾಸಿ ಎಂದುಕೊಂಡು ಹಲವರು ವಾಪಸ್ಸು ಬಂದರು. ಹಾಗೆ ಬಂದವರು ಬಾಗಿಲಲ್ಲಿ ನಿಂತವರಿಗೆ ಹೇಳಿದ ಸುದ್ದಿ ಒಂದೇ: ಶಾಲೆ ತೆಗೆದಿಲ್ಲ, ಸೈರನ್ ಆಗದೆ ತೆಗೆಯುವುದೂ ಇಲ್ಲ.

ಅಷ್ಟರಲ್ಲಿ ಅಳತೆಯಕ್ಕ ಕೊನೆಯ ಮನೆ ತಲುಪಿದ್ದಳು. ನಾದಿನಿ ಮೇಜಿನ ಮೇಲೆ ನಿಂತು ಗಂಟುಗಳನ್ನು ಹಲಗೆಯ ಮೇಲಕ್ಕೇರಿಸುತ್ತಿದ್ದಳು. ನೆಲದ ಮೇಲೆ ಆಗಲೇ ಮೊಣಕಾಲು ಮುಳುಗುವಷ್ಟು ನೀರು.

“ಇಳಿ. ಹೊರಡು.”

“ಎಲ್ಲಿಗೆ? ಪಂಚರ್‌ನವನು ಈಗ ತಾನೆ ತಾಯಿನ ಹೊತ್ಕೊಂಡು ವಾಪಸ್ ಬಂದ. ನೋಡಿದ್ಯಾ, ಬೆನ್ನ ಮೇಲೆ ಕೂತು ಅವರಮ್ಮ ಅವನಿಗೇ ಕೊಡೆ ಹಿಡಿದಿದ್ರು.”

“ನಗೋ ಹೊತ್ತಲ್ಲ ಇದು. ನನ್ನ ಲೆಕ್ಕದಲ್ಲಿ ಹತ್ತು ದಾಟಿದೆ.”

“ನಿನ್ನ ಲೆಕ್ಕ ಸರಿ ಇರುತ್ತೆ ಅತ್ತಿಗೆ, ನನಗೆ ಗೊತ್ತಿಲ್ವಾ? ಆದ್ರೆ ಈ ಬಟ್ಟೆ ಊರೋರದ್ದು. ಆಸ್ಪತ್ರೆ ನರ್ಸ್‌ಗಳ ಕೋಟೇ ಇಪ್ಪತ್ತಿದೆ. ನೆನೆದು ಕೆಸರಾದ್ರೆ ನಾಳೆಯಿಂದ ಯಾರು ಕೊಡ್ತಾರೆ ನನಗೆ? ಇದನ್ನ ತಲೆ ಮೇಲೆ ಹೊತ್ಕೊಂಡು ಹೋಗಿ ಬೀಗದ ಮುಂದೆ ನಿಲ್ಲಲಾ? ಸೈರನ್ ಆಗಲಿ, ಗೇಟ್ ತೆಗೀಲಿ, ಗಂಟು ಸಮೇತ ಓಡಿ ಬರ್ತೀನಿ. ನೀನು ಹೋಗಿ ಅದನ್ನ ಕೂಗಿಸು.”

ಅಳತೆಯಕ್ಕ ಅವಳ ಕೈ ಹಿಡಿದೆಳೆದಳು. ನಾದಿನಿ ಕೈ ಬಿಡಿಸಿಕೊಂಡಳು. ಸಿಟ್ಟಿನಿಂದಲ್ಲ, ಆ ಕೈಯಲ್ಲಿ ಇನ್ನೊಂದು ಗಂಟಿತ್ತು.

ವಾರ್ಡ್ ಆಫೀಸು ಅಲ್ಲಿಂದ ಅರ್ಧ ಮೈಲಿ. ಮೊಣಕಾಲುದ್ದದ ನೀರಿನಲ್ಲಿ, ಐವತ್ತೆರಡು ವರ್ಷದ ಹೆಂಗಸು, ಅರ್ಧ ಓಡುತ್ತ ಅರ್ಧ ಎಡವುತ್ತ ಹೋದಳು. ಸೈರನ್ ಇರುವುದು ಆಫೀಸಿನ ಮೇಲೆ, ಗುಂಡಿ ಇರುವುದು ಕಂಟ್ರೋಲ್ ರೂಮಿನಲ್ಲಿ, ಕಂಟ್ರೋಲ್ ರೂಮು ಊರಿನ ಆ ತುದಿಯಲ್ಲಿ. ಆಫೀಸಿನಲ್ಲಿದ್ದವರು ಅವಳಿಗೆ ಒಂದು ಟವೆಲ್ ಕೊಟ್ಟರು. ಅವರು ಫೋನ್ ಮಾಡಿ ಕೇಳಿದಾಗ, ದಾರಿಯಲ್ಲಿ ಸೇತುವೆಯ ಬಳಿ ಅವಳೇ ತೆಗೆದು ಕಳಿಸಿದ್ದ ಫೋಟೋ ನೋಡಿ, ಕಂಬದಲ್ಲಿ ಎಂಟು ಎಂದು ಉತ್ತರ ಬಂತು. “ಇನ್ನೂ ಒಂದು ಅಡಿ ಇದೆಯಮ್ಮ, ಕೂತ್ಕೊಳ್ಳಿ,” ಎಂದರು.

ಅವಳು ಟವೆಲನ್ನು ಮೇಜಿನ ಮೇಲೆ ಬಿಸಾಡಿ ಬಂದ ದಾರಿಯಲ್ಲೇ ವಾಪಸ್ಸು ಓಡಿದಳು. ಓಣಿಯ ಬಾಯಿಗೆ ಬಂದಾಗ ಎರಡೂವರೆ. ನೀರು ಸೊಂಟದ ಮಟ್ಟ, ತಗ್ಗಿನ ಮನೆಗಳಲ್ಲಿ ಕುತ್ತಿಗೆಯ ಮಟ್ಟ. ಅವಳು ನೋಡುತ್ತಿದ್ದಂತೆ ಕೊನೆಯ ಮನೆಯ ಹಳ್ಳದ ಕಡೆಯ ಗೋಡೆ ಕುಸಿಯಿತು. ಶಬ್ದ ಕೂಡ ಬರಲಿಲ್ಲ, ಗಾಳಿ ಅಷ್ಟಿತ್ತು. ಬಿಳಿ ಕೋಟುಗಳು ಒಂದರ ಹಿಂದೊಂದು ತೋಳು ಚಾಚಿಕೊಂಡು ಹಳ್ಳಕ್ಕೆ ಇಳಿದುಹೋದವು. ಅವಳು ಕಳಿಸಿದ ಮೂರು ಗಂಟೆಯ ಫೋಟೋದಲ್ಲಿ ಕಂಬ ಎಂಟೂವರೆ ತೋರಿಸಿತು, ಆಮೇಲೆ ನೀರು ಇಳಿಯತೊಡಗಿತು. ನಾದಿನಿ ಸಿಕ್ಕಿದ್ದು ನಾಲ್ಕು ಗಂಟೆಗೆ, ಕೆಳಗಿನ ತಿರುವಿನಲ್ಲಿ, ಬಿದಿರ ಮೆಳೆಗೆ ಸಿಕ್ಕಿಕೊಂಡು. ಸೈರನ್ ಅವತ್ತೂ ಕೂಗಲಿಲ್ಲ, ಮರುದಿನವೂ ಕೂಗಲಿಲ್ಲ.

ಪತ್ರಿಕೆಯಲ್ಲಿ ಬಂತು. ಆದ್ದರಿಂದ ವಿಚಾರಣೆ ಎಂಬುದೊಂದು ಆಗಲೇಬೇಕಾಯಿತು. ವಿಚಾರಣೆಯ ಮುಂದಿದ್ದ ಪ್ರಶ್ನೆ ಒಂದೇ: ಓಣಿಗೆ ಬಂದದ್ದು ನೆರೆಯೋ ಅಲ್ಲವೋ. ಹೌದೆಂದಾದರೆ ಮೂವತ್ತೆಂಟು ಮನೆಯವರು ದಿಣ್ಣೆಗೆ ಹೋಗುತ್ತಾರೆ, ನಾದಿನಿ ನೆರೆಯಲ್ಲಿ ಸತ್ತವಳಾಗುತ್ತಾಳೆ. ಇಲ್ಲವೆಂದಾದರೆ ಎಲ್ಲರೂ ಅಲ್ಲೇ ಇರುತ್ತಾರೆ, ನಾದಿನಿ ಹಳೆಯ ಗೋಡೆ ಬಿದ್ದು ಸತ್ತವಳು.

ವಿಚಾರಣೆಯ ಹಿಂದಿನ ಸಂಜೆ ಹೊಸ ಇಂಜಿನಿಯರು ಅವಳ ಮನೆಗೆ ಬಂದ. ಗೋಡೆ ಇನ್ನೂ ಒದ್ದೆ, ಕೂರಲು ಕುರ್ಚಿ ಇಲ್ಲ. ನಾದಿನಿಯ ಮಗಳು ಈಗ ಅಲ್ಲೇ ಇದ್ದಳು; ಮೂಲೆಯಲ್ಲಿ ಕೂತು ಕೆಸರು ಹಿಡಿದ ಪಾತ್ರೆ ತಿಕ್ಕುತ್ತಿದ್ದಳು. ಅವನು ನಿಂತುಕೊಂಡೇ ಟೈಪ್ ಮಾಡಿದ ಹಾಳೆ ಕೊಟ್ಟ. ಫೋಟೋಗಳು ಸರಿಯಿದ್ದವು, ಕಂಬ ಸರಿಯಿದೆ, ನೀರು ಎಂಟೂವರೆ ದಾಟಲಿಲ್ಲ.

“ಸಹಿ ಹಾಕಿ. ನಿಮ್ಮ ಹೆಸರು ಖಾಯಂ ಮಾಡೋದಕ್ಕೆ ಕಳಿಸ್ತೀನಿ. ಬೇರೆ ಏನಾದ್ರೂ ಹೇಳಿದ್ರೆ ಹನ್ನೊಂದು ವರ್ಷ ಸುಳ್ಳು ದಾಖಲೆ ಬರೆದೋರು ನೀವಾಗ್ತೀರಿ. ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.”

“ನಾಳೆ ಹೇಳ್ತೀನಿ ಸಾರ್,” ಎಂದಳು.

ಅವನು ಹೋದ ಮೇಲೆ ಹುಡುಗಿ ಪಾತ್ರೆ ಕೆಳಗಿಟ್ಟಳು. “ಅತ್ತೆ, ಬರೆದುಕೊಡಿ ಅಂತ ಅವರು ಮಳೆಗಾಲಕ್ಕೆ ಮುಂಚೆನೇ ಕೇಳಿದ್ರಂತೆ. ಯಾಕೆ ಕೊಡ್ಲಿಲ್ಲ?”

“ಕೆಲ್ಸ ಹೋಗುತ್ತೆ ಅಂತ.”

ಹುಡುಗಿ ಮತ್ತೆ ಪಾತ್ರೆ ಎತ್ತಿ ತಿಕ್ಕತೊಡಗಿದಳು. ಬೈದಿದ್ದರೆ ವಾಸಿಯಿತ್ತು ಎಂದು ಅಳತೆಯಕ್ಕ ಆಮೇಲೆ ಹೇಳುತ್ತಿದ್ದಳು.

ವಿಚಾರಣೆ ನಡೆದದ್ದು ವಾರ್ಡ್ ಆಫೀಸಿನ ಮಹಡಿಯ ಕೋಣೆಯಲ್ಲಿ. ಉದ್ದನೆಯ ಮೇಜು, ಎರಡು ಫ್ಯಾನು, ಗೋಡೆಗೆ ಊರಿನ ನಕ್ಷೆ. ನಕ್ಷೆಯಲ್ಲಿ ಹಳ್ಳ ಇತ್ತು, ಓಣಿ ಇರಲಿಲ್ಲ. ವಿಚಾರಣಾಧಿಕಾರಿ ಮೃದು ಮಾತಿನ ಮನುಷ್ಯ. ಓಣಿಯವರು ಬಾಗಿಲ ಹೊರಗೆ ಒತ್ತೊತ್ತಾಗಿ ನಿಂತಿದ್ದರು.

“ಕಂಬದಲ್ಲಿ ಮೂರು ಕಂಡಾಗ ಪುಸ್ತಕದಲ್ಲಿ ಎಷ್ಟು ಬರೀತಿದ್ರಿ?”

“ಆರು.”

“ಕಂಡದ್ದು ಮೂರು, ಬರೆದದ್ದು ಆರು. ಅದಕ್ಕೆ ಏನಂತಾರಮ್ಮ?”

“ಕೂಡೋದು ಅಂತಾರೆ ಸ್ವಾಮಿ. ಒಂದನೇ ಕ್ಲಾಸಲ್ಲೇ ಹೇಳಿಕೊಡ್ತಾರೆ.”

ಹೊರಗೆ ಯಾರೋ ನಕ್ಕರು. ಅಧಿಕಾರಿಯೂ ನಗು ತಡೆದುಕೊಂಡ. “ಯಾರು ಹೇಳಿದ್ರು ಕೂಡೋದಕ್ಕೆ?”

ಅವಳು ನಿವೃತ್ತ ಇಂಜಿನಿಯರನ ಹೆಸರು ಹೇಳಿದಳು. ಅವನು ಬಂದಿರಲಿಲ್ಲ. ನೆನಪಿಲ್ಲ ಎಂದು ಪತ್ರ ಕಳಿಸಿದ್ದ.

“ಸಾಕ್ಷಿ?”

“ಕಂಬಾನೇ ಸಾಕ್ಷಿ. ಬನ್ನಿ, ತೋರಿಸ್ತೀನಿ.”

ಅಧಿಕಾರಿ ನಿಜವಾಗಿಯೂ ಎದ್ದು ಬಂದ. ಇಡೀ ಓಣಿ ಅವನ ಹಿಂದೆ ಹೋಯಿತು. ನೀರು ಇಳಿದಿತ್ತು. ಇಳಿಯುವ ಮೊದಲು ಅದು ಕಂಬದ ಬುಡದ ಹೂಳನ್ನೆಲ್ಲ ಕೆದಕಿ ಒಯ್ದಿತ್ತು. ಪೇಂಟರ್ ಬರೆದ ಸೊನ್ನೆಯ ಕೆಳಗೆ ಮೂರಡಿ ಹಳೆಯ ಕಂಬ ಬತ್ತಲಾಗಿ ನಿಂತಿತ್ತು. ಅದರ ಮೇಲೆ ಮಾಸಿದ ಬಣ್ಣದಲ್ಲಿ ಹಳೆಯ ಎರಡು, ಹಳೆಯ ಒಂದು, ತೀರಾ ಕೆಳಗೆ ಹಳೆಯ ಸೊನ್ನೆ. ಒಂದೇ ಕಂಬಕ್ಕೆ ಎರಡು ಸೊನ್ನೆ. ಅಧಿಕಾರಿ ಸೇತುವೆಯ ಕಟ್ಟೆಗೆ ಒರಗಿ ಬಹಳ ಹೊತ್ತು ನೋಡಿದ, ಫೋಟೋ ತೆಗೆಸಿದ, ಅಳತೆಯಕ್ಕನಿಗೆ ಕೈಮುಗಿದು ಜೀಪು ಹತ್ತಿದ. ಓಣಿಯವರು ಅವತ್ತು ಅವಳನ್ನು ಹೊತ್ತುಕೊಂಡು ಕುಣಿಯುವುದೊಂದು ಬಾಕಿ. ಪಂಚರ್ ಅಂಗಡಿಯವನ ತಾಯಿ, “ದಿಣ್ಣೆ ಮೇಲೆ ನನಗೆ ಗಾಳಿ ಬರೋ ಕಡೆ ಮನೆ ಬೇಕು, ಈಗ್ಲೇ ಹೇಳಿದೀನಿ,” ಎಂದರು.

ಒಂದೂವರೆ ತಿಂಗಳಿಗೆ ವರದಿ ಬಂತು. ಹುಡುಗಿ ಅದನ್ನು ಅತ್ತೆಗೆ ಓದಿ ಹೇಳಿದಳು. ಅದರ ಜಾಣತನಕ್ಕೆ ನನ್ನ ಹತ್ತಿರ ಪದವಿಲ್ಲ. ಹನ್ನೊಂದು ವರ್ಷ ತಾನು ಕಂಡದ್ದಕ್ಕಿಂತ ಮೂರಡಿ ಹೆಚ್ಚಿಗೆ ಬರೆದೆನೆಂದು ಅಳತೆಗಾರ್ತಿಯೇ ಒಪ್ಪಿಕೊಂಡಿರುವುದರಿಂದ ಆ ಅವಧಿಯ ಪುಸ್ತಕಗಳು ನಂಬಲರ್ಹವಲ್ಲ. ಆ ಪುಸ್ತಕಗಳ ಆಧಾರದ ಮೇಲೆ ದಾಖಲಾಗಿದ್ದ ಹಿಂದಿನ ಎರಡು ನೆರೆಗಳನ್ನೂ ಪಟ್ಟಿಯಿಂದ ತೆಗೆಯಲಾಗಿದೆ. ಈ ವರ್ಷದ ಮಟ್ಟಿಗೆ ಮನುಷ್ಯರ ಕೈ ಸೋಕದ ಸಾಕ್ಷ್ಯವೆಂದರೆ ಫೋಟೋಗಳು ಮಾತ್ರ. ಅವುಗಳ ಪ್ರಕಾರ ಎಂಟೂವರೆ. ಎರಡು ಸೊನ್ನೆಗಳ ವಿಷಯವನ್ನು ತಾಂತ್ರಿಕ ಸಮಿತಿಗೆ ಒಪ್ಪಿಸಲಾಗಿದೆ. ಸಮಿತಿ ಇನ್ನೂ ರಚನೆಯಾಗಿಲ್ಲ.

“ನಿಮ್ಮಮ್ಮನ ಬಗ್ಗೆ?” ಎಂದು ಅಳತೆಯಕ್ಕ ಕೇಳಿದಳು.

“ಗೋಡೆ ಹಳೇದಾಗಿತ್ತಂತೆ,” ಎಂದಳು ಹುಡುಗಿ.

ಅವಳು ನಿಜ ಹೇಳಿದ್ದರಿಂದ ಸಿಗಬೇಕಾದ ಒಂದು ನೆರೆ ಸಿಗಲಿಲ್ಲ, ಇದ್ದ ಎರಡು ನೆರೆಗಳೂ ಹೋದವು. ನೆರೆಯೇ ಬಾರದ ಓಣಿಗೆ ದಿಣ್ಣೆಯ ಮನೆ ಯಾಕೆ? ಹೆಸರು ಪಟ್ಟಿಯಿಂದ ಹೋಯಿತು. ಹೊತ್ತು ಕುಣಿಯಲಿದ್ದ ಓಣಿ ಅವಳನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿತು. ಸಹಿ ಹಾಕಿದ್ದರೂ ಮನೆ ಸಿಗುತ್ತಿರಲಿಲ್ಲ ಎಂದು ಯಾರೂ ಲೆಕ್ಕ ಹಾಕಲಿಲ್ಲ. ಅವರನ್ನು ನಾನು ಬೈಯುವುದಿಲ್ಲ. ಗೋಡೆಯಿಂದ ಇನ್ನೂ ನೀರು ಒಸರುವ ಮನೆಯಲ್ಲಿ ಮಲಗುವವರಿಗೆ ಸಿಟ್ಟು ತೀರಿಸಿಕೊಳ್ಳಲು ಕೈಗೆ ಸಿಗುವವರು ಬೇಕು. ಇಂಜಿನಿಯರು ಕೈಗೆ ಸಿಗುವವನಲ್ಲ.

ಅಳತೆಯಕ್ಕನನ್ನು ತೆಗೆದರು. ಅವಳ ಜಾಗಕ್ಕೆ ಪಂಚರ್ ಅಂಗಡಿಯವನನ್ನೇ ಹಾಕಿಕೊಂಡರು; ಅವನ ಅಂಗಡಿ ಹಳ್ಳದ ಪಾಲಾಗಿತ್ತು, ಅವನಿಗೂ ಹೊಟ್ಟೆಯಿತ್ತು. ಮೊಬೈಲ್ ಇಸಿದುಕೊಳ್ಳಲು ಅವನೇ ಬಂದ. ಒಳಗೆ ಬರದೆ ಹೊಸ್ತಿಲಲ್ಲೇ ನಿಂತ.

“ಬೇಜಾರಾ ಅಕ್ಕ?”

“ನಿನ್ನ ಮೇಲೆ ಯಾಕೆ? ಹೊರಗೆ ಬಾ, ಹೇಳಿಕೊಡ್ತೀನಿ. ಬಿಸಿಲು ಇದ್ದಾಗ ಈ ಕಡೆ ನಿಂತು ತೆಗಿ, ಇಲ್ಲಾಂದ್ರೆ ಅಂಕಿ ಹೊಳೆಯುತ್ತೆ.” ಇಬ್ಬರೂ ಸೇತುವೆಯ ಮೇಲೆ ಹೋಗಿ ನಿಂತರು. “ಮೇಲಿನ ಬಣ್ಣದಲ್ಲಿ ಐದು ಮುಟ್ಟಿದ ಕೂಡ್ಲೇ ತಾಯಿನ ಎತ್ಕೊಂಡು ಹೊರಡು. ಶಾಲೆ ಕಡೆ ಹೋಗ್ಬೇಡ, ಮಾರ್ಕೆಟ್ಟಿನ ಮಹಡಿಗೆ ಹೋಗು. ಅಲ್ಲಿ ಬೀಗ ಇಲ್ಲ. ಎಲ್ಲರಿಗೂ ಹಾಗೇ ಹೇಳು.”

ಅವನು ಹಳ್ಳದ ಕಡೆ ನೋಡುತ್ತ ನಿಂತ. “ಎಲ್ಲರಿಗೂ ಹೇಳೋ ಹಾಗಿಲ್ಲ ಅಕ್ಕ. ನೀರು ಎಷ್ಟಿದೆ ಅಂತ ಜನರಿಗೆ ಹೇಳಬಾರದಂತೆ. ಗಾಬರಿ ಹಬ್ಬುತ್ತಂತೆ. ಅದಕ್ಕೇ ಸಹಿ ಹಾಕಿಸ್ಕೊಂಡ್ರು.”

ವರದಿಯ ಶಿಫಾರಸುಗಳಲ್ಲಿ ಜಾರಿಗೆ ಬಂದದ್ದು ಅದೊಂದೇ.

“ನನ್ನ ಹತ್ರ ಯಾರೂ ಹಾಕಿಸ್ಕೊಂಡಿಲ್ಲ,” ಎಂದು ಅಳತೆಯಕ್ಕ ಸೇತುವೆಯಿಂದ ಇಳಿದು ಓಣಿಯ ಕಡೆ ನಡೆದಳು. ತನ್ನ ಪಕ್ಕದ ಮನೆಯ ಬಾಗಿಲು ಬಡಿದಳು. ಒಳಗೆ ಮಾತು ನಿಂತಿತು, ಬಾಗಿಲು ತೆರೆಯಲಿಲ್ಲ. ಅದರಾಚೆಯ ಮನೆಯಾಕೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಂದು, ಐದು, ಮಾರ್ಕೆಟ್ಟು, ಮಹಡಿ ಎಲ್ಲವನ್ನೂ ಕೇಳಿಸಿಕೊಂಡಳು.

“ಸರಿ ಅಕ್ಕ,” ಎಂದಳು. “ಆದ್ರೆ ಅಷ್ಟು ಹೊತ್ತಿಗೆ ಸೈರನ್ ಆಗಿರುತ್ತಲ್ಲ?”

ಅಳತೆಯಕ್ಕ ಅವಳ ಹೊಸ್ತಿಲ ಮೇಲೆ ಕುಳಿತು, ಮತ್ತೆ ಮೊದಲಿನಿಂದ ಹೇಳಲು ಶುರುಮಾಡಿದಳು.